ಮೇವು ಕೊಯ್ಯುವ ಕುಡುಗೋಲು: ನೋಡಿ ಕೊಳ್ಳಿ, ಬಹುಕಾಲ ಬಾಳಿಸಿ



ಹಸು ಕೊಳ್ಳುವಾಗ ಹಲ್ಲು, ಕೆಚ್ಚಲು, ಕಾಲು ಎಲ್ಲ ನೋಡುತ್ತೇವೆ. ಆ ಹಸುವಿಗೆ ದಿನವೂ ಮೇವು ತರುವ ಕುಡುಗೋಲನ್ನು ಮಾತ್ರ ಸಂತೆಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದುಬಿಡುತ್ತೇವೆ. ಒಂದು ದೊಡ್ಡ ಹಸುವಿಗೆ ದಿನಕ್ಕೆ 20ರಿಂದ 25 ಕೆಜಿ ಹಸಿ ಮೇವು ಬೇಕು. ಎರಡು ಹಸು ಇದ್ದರೆ 40ರಿಂದ 50 ಕೆಜಿ. ಒಂದು ಹಿಡಿಗೆ ಅರ್ಧ ಕೆಜಿ ಎಂದುಕೊಂಡರೂ ದಿನಕ್ಕೆ 80ರಿಂದ 100 ಸಲ ಕುಡುಗೋಲು ಎಳೆಯಬೇಕು. ಮೊಂಡ ಅಲಗಾದರೆ ಪ್ರತಿ ಹಿಡಿಗೆ ಎರಡು ಮೂರು ಎಳೆತ. ಆ ಶ್ರಮವೆಲ್ಲ ನಿಮ್ಮ ಮಣಿಕಟ್ಟು, ಹೆಗಲು, ಸೊಂಟದ ಮೇಲೆ ಬೀಳುತ್ತದೆ.

ಮೊದಲು ನಿಮ್ಮ ಮೇವು ಯಾವುದು ನೋಡಿ

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಭತ್ತ ಹೆಚ್ಚು. ಬದುವಿನ ಹುಲ್ಲು, ಭತ್ತದ ಪೈರಿನಂಥ ತೆಳು ಕಾಂಡಕ್ಕೆ ಗರಗಸದ ಹಲ್ಲಿನ ಹಗುರ ಕುಡುಗೋಲು ಒಳ್ಳೆಯದು. ಬೀಸಿ ಹೊಡೆಯಬೇಕಿಲ್ಲ, ಹಿಡಿದು ಎಳೆದರೆ ಸಾಕು. ಭೋಪಾಲ್‌ನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ 'ನವೀನ್', ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ 'ವೈಭವ್' ಎಂಬವು ಈ ಬಗೆಯ ಸುಧಾರಿತ ಕುಡುಗೋಲುಗಳು.

ದೇವದುರ್ಗದ ಕಡೆ ಜೋಳದ ದಂಟು, ನೀರಾವರಿ ಹೊಲದಲ್ಲಿ ನೇಪಿಯರ್ ಇದ್ದರೆ ಹಲ್ಲಿಲ್ಲದ, ಸ್ವಲ್ಪ ತೂಕದ, ಊರ ಕಮ್ಮಾರರು ಮಾಡಿದ ಕುಡುಗೋಲು ಬೇಕು. ಸುಬಾಬುಲ್, ಗ್ಲಿರಿಸಿಡಿಯಾ ರೆಂಬೆಗೆ ಇವೆರಡೂ ಅಲ್ಲ, ದಪ್ಪ ಅಲಗಿನ ಮಚ್ಚು ಬೇಕು. ಹಲ್ಲಿನ ಕುಡುಗೋಲಿನಿಂದ ರೆಂಬೆ ಹೊಡೆದರೆ ಹಲ್ಲು ಮುರಿಯುತ್ತದೆ. ರಾಯಚೂರು ನಗರದ ಸುತ್ತ ರಸ್ತೆ ಬದಿ ಹುಲ್ಲು ಕೊಯ್ಯುವವರಿಗೆ ಕಲ್ಲು, ತಂತಿ ತಾಗುವುದು ಹೆಚ್ಚು. ಅಲ್ಲಿಗೂ ಮತ್ತೆ ಮತ್ತೆ ಮಸೆಯಬಹುದಾದ ಹಲ್ಲಿಲ್ಲದ ಅಲಗೇ ಅನುಕೂಲ.

ಕೊಳ್ಳುವಾಗ ಐದು ಪರೀಕ್ಷೆ

1. ಉಕ್ಕು: ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಅಲಗು ಹರಿತವನ್ನು ಬಹಳ ದಿನ ಹಿಡಿದಿಡುತ್ತದೆ. ಸಾದಾ ಕಬ್ಬಿಣದ ತಗಡು ಬಾಗುತ್ತದೆ, ಬೇಗ ಮೊಂಡಾಗುತ್ತದೆ. ಯಾವುದರಿಂದ ಮಾಡಿದ್ದು ಎಂದು ಕಮ್ಮಾರರನ್ನೇ ಕೇಳಿ.

2. ಹದ: ಒಳ್ಳೆಯ ಉಕ್ಕನ್ನೂ ಕೆಂಪಗೆ ಕಾಯಿಸಿ, ನೀರಿಗೋ ಎಣ್ಣೆಗೋ ಅದ್ದಿ, ಮತ್ತೆ ಹದವಾಗಿ ಕಾಯಿಸದಿದ್ದರೆ ಪ್ರಯೋಜನವಿಲ್ಲ. ಅಲಗಿನ ಅಂಚಿನ ಮೇಲೆ ಸಣ್ಣ ಅರವನ್ನು ಒಮ್ಮೆ ಎಳೆದು ನೋಡಿ. ಸಾದಾ ಮೊಳೆಯಂತೆ ಸುಲಭವಾಗಿ ಸವೆದರೆ ಅಲಗು ಮೆತ್ತಗಿದೆ. ಕಷ್ಟಪಟ್ಟು ಕಚ್ಚಿದರೆ ಹದ ಸರಿಯಿದೆ. ಗಾಜಿನ ಮೇಲೆ ಜಾರಿದಂತೆ ಪೂರ್ತಿ ಜಾರಿದರೆ ಅತಿ ಗಡಸು, ಕಲ್ಲಿಗೆ ತಾಗಿದಾಗ ಚಕ್ಕೆ ಏಳಬಹುದು.

3. ಕಾವು: ಅಲಗಿನ ಬಾಲ ಕಾವಿನ ಉದ್ದಕ್ಕೂ ಹೋಗಿ ಹಿಂದೆ ಮಡಚಿರಬೇಕು. ಬಾಯಿಗೆ ಕಬ್ಬಿಣದ ಬಳೆ ಬಿಗಿಯಾಗಿರಬೇಕು. ಅಲುಗಾಡಿಸಿ ನೋಡಿ, ಕೂದಲೆಳೆಯಷ್ಟು ಸಡಿಲವಿದ್ದರೂ ಬೇಡ.

4. ಹಿಡಿತ: ಕಾವು ಗಂಡಸರ ಕೈ ಅಳತೆಗೆ ದಪ್ಪವಾಗಿದ್ದರೆ ನಮ್ಮ ಬೆರಳು ಬೇಗ ಸೋಲುತ್ತವೆ. ಹಿಡಿದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಕೂಡಬೇಕು. ದಪ್ಪವಾಗಿದ್ದರೆ ಅಲ್ಲೇ ಕೆತ್ತಿಸಿಕೊಳ್ಳಿ.

5. ಯಾವ ಕೈ: ಒಂದೇ ಬದಿ ಮಸೆದ ಕುಡುಗೋಲು ಸಾಮಾನ್ಯವಾಗಿ ಬಲಗೈಯವರಿಗೆ ಮಾಡಿದ್ದು. ಎಡಗೈಯವರು ಅದನ್ನು ಬಳಸಿದರೆ ಅಲಗು ಜಾರುತ್ತದೆ. ಎಡಗೈಗೆ ಮಾಡಿಕೊಡಿ ಎಂದು ಮೊದಲೇ ಹೇಳಿ.

ಅಗ್ಗದ್ದು ಯಾವುದು?

ಬೆಲೆಯನ್ನು ತಿಂಗಳ ಲೆಕ್ಕದಲ್ಲಿ ನೋಡಿ. 80 ರೂಪಾಯಿಯ ಕುಡುಗೋಲು 4 ತಿಂಗಳಿಗೆ ಹಾಳಾಯಿತು ಎಂದುಕೊಳ್ಳಿ. ಎರಡು ವರ್ಷಕ್ಕೆ ಆರು ಬೇಕು, 480 ರೂಪಾಯಿ. 200 ರೂಪಾಯಿಯದು ಎರಡು ವರ್ಷ ಬಂದು, ನಡುವೆ ಕಾವು ಬದಲಿಸಲು 40 ರೂಪಾಯಿ ಹೋದರೂ ಒಟ್ಟು 240. ಅರ್ಧ ಹಣ ಉಳಿಯಿತು. ನಿಮ್ಮ ಊರಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ.

ಬಾಳಿಸುವ ಬಗೆ

ಮೇವಿನ ರಸ ಅಂಟಿದ ಅಲಗು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ತೊಳೆದು, ಒರೆಸಿ, ವಾರಕ್ಕೊಮ್ಮೆ ಯಾವುದಾದರೂ ಅಡುಗೆ ಎಣ್ಣೆ ಸವರಿ. ಹಲ್ಲಿಲ್ಲದ ಅಲಗನ್ನು ಮಸೆಗಲ್ಲಿನ ಮೇಲೆ ನೀರು ಹಾಕಿ, ಇಳಿಜಾರಿರುವ ಬದಿಯಿಂದಲೇ ಮಸೆಯಿರಿ. ಹಲ್ಲಿನದಕ್ಕೆ ಮಸೆಗಲ್ಲು ಬೇಡ, ಮುಮ್ಮೂಲೆ ಅರ ಬೇಕು. ಸಾಣೆ ಯಂತ್ರದಲ್ಲಿ ಹಿಡಿಸುವಾಗ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ತಿಳಿಯಿರಿ. ನಡುನಡುವೆ ನೀರಿಗೆ ಅದ್ದಲು ಹೇಳಿ.

ನೇಪಿಯರ್ ಕೊಯ್ಯುವಾಗ ನೆಲದಿಂದ ನಾಲ್ಕರಿಂದ ಆರು ಇಂಚು ಬಿಟ್ಟು ಒಂದೇ ಎಳೆತಕ್ಕೆ ಕೊಯ್ಯಿರಿ. ಮೊಂಡ ಅಲಗು ಬುಡವನ್ನು ಸೀಳಿ ಜಗ್ಗುತ್ತದೆ. ಸೀಳಿದ ಬುಡ ಚೆನ್ನಾಗಿ ಚಿಗುರುವುದಿಲ್ಲ.

ಕೈ ಕುಯ್ದರೆ ಹಾಲಿಗೂ ತೊಂದರೆ

ಗಾಯವಾದರೆ ಅರಿಶಿನ, ಸುಣ್ಣ, ಮಣ್ಣು ಮೆತ್ತಬೇಡಿ. ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ. ಕೀವಾದ ಗಾಯದ ಕೈಯಿಂದ ಹಾಲು ಹಿಂಡಿದರೆ ಅದರ ರೋಗಾಣು ಮೊಲೆತೊಟ್ಟಿಗೆ ಸೇರಿ ಕೆಚ್ಚಲು ಬಾವು ತರಬಹುದು. ವಾಸಿಯಾಗುವವರೆಗೆ ಮನೆಯ ಬೇರೆಯವರು ಹಿಂಡಲಿ. ಅದು ಆಗದಿದ್ದರೆ ಶುಚಿಯಾದ ರಬ್ಬರ್ ಕೈಗವಸು ಹಾಕಿ.

ಇನ್ನೊಂದು ಅಪಾಯ ಹಸುವಿನ ಹೊಟ್ಟೆಯದು. ಹಸು ಮೇವನ್ನು ಮೊದಲು ಸರಿಯಾಗಿ ಅಗಿಯದೆ ನುಂಗುತ್ತದೆ. ಮುರಿದ ಅಲಗಿನ ತುದಿ, ಕಾವಿನ ಮೊಳೆ, ತಂತಿ ಮೇವಿನಲ್ಲಿ ಸೇರಿದರೆ ಅದು ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಚುಚ್ಚಿಕೊಂಡು ಪಕ್ಕದ ಹೃದಯದವರೆಗೂ ಹೋಗಬಹುದು. ಹಸು ಮೇವು ಬಿಟ್ಟು, ಬೆನ್ನು ಬಾಗಿಸಿ ನಿಂತು ನರಳಿದರೆ, ಎದೆಯ ಕೆಳಗೆ ಬಾವು ಕಂಡರೆ ಪಶುವೈದ್ಯರನ್ನು ಕರೆಯಿರಿ. ಕುಡುಗೋಲಿನ ಚೂರು ಮುರಿದಿದ್ದರೆ ಅದು ಸಿಗುವವರೆಗೆ ಆ ಹೊರೆಯನ್ನು ಹಸುವಿಗೆ ಹಾಕಬೇಡಿ.

ನೆನಪಿಡಿ

• ಕೊಯ್ಯುವ ಮುನ್ನ ಕೋಲಿನಿಂದ ಹುಲ್ಲು ಬಡಿಯಿರಿ, ಹಾವು ಇರಬಹುದು.
• ಕುಡುಗೋಲನ್ನು ಹುಲ್ಲಿನ ಹೊರೆಯೊಳಗೆ ಸಿಕ್ಕಿಸಿ ತರಬೇಡಿ. ಅಲಗಿಗೆ ದಪ್ಪ ಗೋಣಿ ಸುತ್ತಿ ಕೈಯಲ್ಲಿ ಹಿಡಿಯಿರಿ.
• ಮನೆಯಲ್ಲಿ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕಿ.

ಸಂಘದಲ್ಲಿ ಚರ್ಚಿಸಿ

ಮುಂದಿನ ಸಭೆಗೆ ಎಲ್ಲರೂ ತಮ್ಮ ತಮ್ಮ ಕುಡುಗೋಲು ತನ್ನಿ. ಯಾವುದು ಎಷ್ಟು ಕಾಲ ಬಂತು, ಎಷ್ಟು ಬೆಲೆ ಬಿತ್ತು ಎಂದು ಹೇಳಿಕೊಳ್ಳಿ. ಚೆನ್ನಾಗಿ ಬಾಳಿದ್ದನ್ನು ಮಾಡಿದ ಕಮ್ಮಾರರ ಹತ್ತಿರ ಹತ್ತು ಜನ ಸೇರಿ ಒಟ್ಟಿಗೆ ಮಾಡಿಸಿದರೆ ಬೆಲೆಯೂ ಇಳಿಯಬಹುದು, ಕಾವೂ ನಮ್ಮ ಕೈ ಅಳತೆಗೆ ಬರುತ್ತದೆ.