ಕರುಗಳ ಪೂರಕ ಆಹಾರ: ಪರೀಕ್ಷೆಗೆ ಮುಖ್ಯಾಂಶಗಳು

ಹಿನ್ನೆಲೆ: ಮೀನಂಗಡಿ ಇರುವುದು ಕೇರಳದ ವಯನಾಡು ಜಿಲ್ಲೆಯಲ್ಲಿ, ಕೋಝಿಕ್ಕೋಡ್‌ನಿಂದ ಮೈಸೂರಿನತ್ತ ಬರುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ. ಕಾಫಿ, ಕಾಳುಮೆಣಸಿನ ಈ ಸೀಮೆಯಲ್ಲಿ ಹಾಲು ಮಾರಿಯೂ ಮನೆ ನಡೆಯುತ್ತದೆ, ಹಾಗಾಗಿ ಕರುಗಳ ಪಾಲನೆಗೂ ಮಹತ್ವವಿದೆ. ಕೇರಳ ಪಶುವೈದ್ಯಕೀಯ ವಿಶ್ವವಿದ್ಯಾಲಯದ (2010) ಕೇಂದ್ರಸ್ಥಾನ ಪೂಕೋಡು ಇದೇ ಜಿಲ್ಲೆಯಲ್ಲಿದೆ.

ಗಿಣ್ಣು ಹಾಲು: ಎಲ್ಲ ಪೂರಕಗಳಿಗಿಂತ ಮೊದಲು ಬರುವುದು ಇದೇ. ಹಸುವಿನ ರೋಗನಿರೋಧಕ ಪ್ರತಿಕಾಯಗಳು ಗರ್ಭದಲ್ಲಿರುವ ಕರುವಿಗೆ ದಾಟುವುದಿಲ್ಲ, ಗಿಣ್ಣಿನಲ್ಲೇ ಸಿಗಬೇಕು. ಅವನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುಳಿಗೆ ಸುಮಾರು 24 ಗಂಟೆ ಮಾತ್ರ, ಅದೂ ಗಂಟೆಗಂಟೆಗೂ ಕುಗ್ಗುತ್ತದೆ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೇ ಮೊದಲ ಕಂತು ಕುಡಿಸಬೇಕು. ದಿನದ ಪ್ರಮಾಣ ದೇಹತೂಕದ ಹತ್ತನೇ ಒಂದು ಭಾಗ: 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಮಾಸು ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಇದು ಕರುವಿನ ಜೀವಕ್ಕೇ ಎರವಾಗಬಲ್ಲದು. ಕರು ಚೀಪಿದರೆ ಆಕ್ಸಿಟೋಸಿನ್ ಸ್ರವಿಸಿ ಮಾಸು ಬೀಳಲು ನೆರವಾಗುತ್ತದೆ.

ಕಾಫ್ ಸ್ಟಾರ್ಟರ್ (ಎಳೆಗರುವಿನ ಮೊದಲ ಘನ ಆಹಾರ): ಎರಡನೇ ವಾರದಿಂದ. ಕಚ್ಚಾ ಪ್ರೋಟೀನ್ ಶೇ. 23–26. ಮೆಕ್ಕೆಜೋಳ, ಸೋಯಾ ಅಥವಾ ಶೇಂಗಾ ಹಿಂಡಿ, ಗೋಧಿ ಬೂಸಾ. ಜೊತೆಗೆ ಖನಿಜ ಮಿಶ್ರಣ ಶೇ. 2, ಉಪ್ಪು ಶೇ. 1. ಹಾಲು ಕುಡಿದ ಕೂಡಲೇ ಚಿಟಿಕೆಯಷ್ಟನ್ನು ಮೂತಿಗೆ ಸವರಿದರೆ ಕರು ನೆಕ್ಕಿ ರುಚಿ ಹಿಡಿಯುತ್ತದೆ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವ ಪ್ರಶ್ನೆಯೊಂದಿದೆ. ರೂಮೆನ್‌ನ (ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಮೊದಲ ಕೋಣೆ) ಒಳಗೋಡೆಯ ಪ್ಯಾಪಿಲೆಗಳನ್ನು (ಬೆರಳಿನಂಥ ಚಾಚುಗಳನ್ನು) ಬೆಳೆಸುವುದು ಮುಖ್ಯವಾಗಿ ಬ್ಯುಟಿರಿಕ್ ಆಮ್ಲ. ಅದು ಧಾನ್ಯದ ಹುದುಗುವಿಕೆಯಿಂದ ಬರುತ್ತದೆ. ಒಣಹುಲ್ಲಿನಿಂದ ಹೆಚ್ಚುವುದು ರೂಮೆನ್‌ನ ಗಾತ್ರ ಮತ್ತು ಸ್ನಾಯುಬಲ.

ಕೊರತೆ ಮತ್ತು ರೋಗ (ಹೊಂದಿಸಿ ಬರೆಯಿರಿ):
ಕಬ್ಬಿಣ – ರಕ್ತಹೀನತೆ. ಹಾಲಿನಲ್ಲಿ ಕ್ಯಾಲ್ಸಿಯಂ ಧಾರಾಳ, ಕಬ್ಬಿಣ ಅತ್ಯಲ್ಪ.
ವಿಟಮಿನ್ ಎ – ಇರುಳುಗುರುಡು
ವಿಟಮಿನ್ ಡಿ – ರಿಕೆಟ್ಸ್
ಸೆಲೆನಿಯಂ, ವಿಟಮಿನ್ ಇ – ಬಿಳಿ ಸ್ನಾಯು ರೋಗ
ತಾಮ್ರ – ಕೂದಲಿನ ಬಣ್ಣ ಮಾಸುವುದು
ಅಯೋಡಿನ್ – ಗಳಗಂಡ
ಕೋಬಾಲ್ಟ್ – ವಿಟಮಿನ್ ಬಿ12 ತಯಾರಿಕೆಗೆ ರೂಮೆನ್ ಜೀವಾಣುಗಳಿಗೆ ಅಗತ್ಯ

ಪ್ರೋಬಯಾಟಿಕ್: ಲ್ಯಾಕ್ಟೋಬ್ಯಾಸಿಲಸ್, ಯೀಸ್ಟ್ ಪೈಕಿ ಸ್ಯಾಕರೋಮೈಸಿಸ್ ಸೆರವಿಸಿಯೆ. ಬೆಳವಣಿಗೆಗಾಗಿ ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಪಶು ಆಹಾರದಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತ ನಿಷೇಧಿಸಿದ್ದು 2019ರಲ್ಲಿ.

ಸಂಸ್ಥೆಗಳು: ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ, ಬೆಂಗಳೂರಿನ ಆಡುಗೋಡಿ. ಕೇರಳ ಫೀಡ್ಸ್, ತ್ರಿಶ್ಶೂರು ಜಿಲ್ಲೆಯ ಕಲ್ಲೇಟ್ಟುಂಕರ. ಹೆಣ್ಣು ಕರುಗಳಿಗೆ ರಿಯಾಯಿತಿ ದರದಲ್ಲಿ ಆಹಾರ ಕೊಡುವ ಕೇರಳದ ಯೋಜನೆ ಗೋವರ್ಧಿನಿ.

ಕೊನೆಯದಾಗಿ ಯೂರಿಯಾ. ಅದರಿಂದ ಪ್ರೋಟೀನ್ ಕಟ್ಟುವ ಜೀವಾಣುಗಳು ಎಳೆಗರುವಿನ ರೂಮೆನ್‌ನಲ್ಲಿ ಇನ್ನೂ ನೆಲೆಯೂರಿರುವುದಿಲ್ಲ. ಆರು ತಿಂಗಳೊಳಗಿನ ಕರುವಿಗೆ ಯೂರಿಯಾ ಬೆರೆತ ಮೇವು ಕೊಡಬಹುದು ಎಂಬ ಹೇಳಿಕೆ ಕಂಡರೆ ತಪ್ಪು ಎಂದೇ ಗುರುತು ಹಾಕಿ.