ಶ್ರಮವೂ ಕ್ಲಮವೂ: ಉದ್ಯೋಗದ ಒತ್ತಡವನ್ನು ಅರಿಯುವ ಬಗೆ

ದಣಿವಿನಲ್ಲಿ ಎರಡು ಬಗೆಯುಂಟು. ದೇಹವನ್ನು ದುಡಿಸಿದುದರಿಂದ ಉಂಟಾಗುವುದು ಶ್ರಮ. ದುಡಿಮೆಯಿಲ್ಲದೆಯೇ, ಏದುಸಿರೂ ಇಲ್ಲದೆ ದೇಹದಲ್ಲಿ ಬೆಳೆದು, ಇಂದ್ರಿಯಗಳು ತಮ್ಮ ವಿಷಯಗಳನ್ನು ಗ್ರಹಿಸುವುದಕ್ಕೆ ಅಡ್ಡಿಮಾಡುವ ದಣಿವು ಕ್ಲಮ. ಕ್ಲಮದ ಈ ಲಕ್ಷಣವು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿದೆ. ಶ್ರಮವು ನಿದ್ರೆಯಿಂದ ನೀಗುತ್ತದೆ. ಮಗನಾಗಲಿ ಸೊಸೆಯಾಗಲಿ ರವಿವಾರವಿಡೀ ವಿಶ್ರಮಿಸಿಯೂ ಸೋಮವಾರ ದಣಿದೇ ಏಳುತ್ತಿದ್ದರೆ, ಅದನ್ನು ಬರಿಯ ಶ್ರಮವೆಂದು ಭಾವಿಸಲಾಗದು.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ‘ಬರ್ನ್‌ಔಟ್’ ಎಂಬುದನ್ನು ರೋಗವೆಂದಲ್ಲದೆ, ಉದ್ಯೋಗದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿರ್ವಹಿಸದುದರಿಂದ ಒದಗುವ ಸ್ಥಿತಿಯೆಂದು ನಿರೂಪಿಸಿತು. ಅದರ ಲಕ್ಷಣಗಳು ಮೂರು:

1. ಶಕ್ತಿಯು ಉಡುಗಿಹೋಗುವುದು.
2. ಕೆಲಸದಲ್ಲಿ ವೈಮುಖ್ಯ ಅಥವಾ ತಿರಸ್ಕಾರ.
3. ಕಾರ್ಯದಕ್ಷತೆ ಕುಗ್ಗುವುದು.

ಇವು ಯಾರಿಗೆ ಮೊದಲು ಕಾಣುತ್ತವೆ? ರೈಲ್ವೆಯಲ್ಲಿ ‘ಹಾಟ್ ಆಕ್ಸಲ್’ ಎಂಬ ಮಾತುಂಟು. ಗಾಲಿಯ ಅಚ್ಚಿನ ಬೇರಿಂಗು ಕೆಟ್ಟರೆ ಅದು ಕಾಯತೊಡಗುತ್ತದೆ. ಅಲಕ್ಷಿಸಿದರೆ ಅಚ್ಚು ಮುರಿದು ಗಾಡಿ ಹಳಿ ತಪ್ಪಬಹುದು. ಮುಂದಿನ ಹಳಿಯನ್ನೇ ನೋಡುವ ಚಾಲಕನಿಗೆ ಇದು ಸುಲಭವಾಗಿ ತಿಳಿಯದು. ದಾರಿಯ ನಿಲ್ದಾಣದಲ್ಲಿ ನಿಂತು, ಸಾಗುವ ಗಾಡಿಯನ್ನು ಗಮನಿಸುವ ಸಿಬ್ಬಂದಿಯೇ ಹೊಗೆಯನ್ನು ಕಂಡು ಕೆಂಪು ಬಾವುಟ ತೋರಿಸಬೇಕು. ಸಂಸಾರದಲ್ಲಿ ಮನೆಯವರ ಸ್ಥಾನವು ಅದೇ.

ನಿದ್ರಾಭಂಗ, ಪದೇ ಪದೇ ತಲೆನೋವು, ಅಜೀರ್ಣ, ಅಲ್ಪ ಮಾತಿಗೂ ಸಿಡುಕು, ಮಕ್ಕಳೊಡನೆ ಮೌನ: ಇವು ವಾರಗಟ್ಟಲೆ ಮುಂದುವರಿದರೆ ಎಚ್ಚರಗೊಳ್ಳತಕ್ಕದ್ದು. ಆಗ “ನಾವು ಇದಕ್ಕಿಂತ ಹೆಚ್ಚು ದುಡಿದೆವು” ಎಂದು ಹಿರಿಯರು ಹೇಳಬಾರದು. ಅದು ಕ್ಲಮವನ್ನು ಶ್ರಮದ ತಕ್ಕಡಿಯಲ್ಲಿ ತೂಗಿದಂತೆ. ಉಪದೇಶಕ್ಕೆ ಮೊದಲು ತಾಳ್ಮೆಯಿಂದ ಕೇಳುವುದು ಅವಶ್ಯ.

ಅನಂತರ ಕಾರಣವನ್ನು ವಿಂಗಡಿಸಬೇಕು. ಕೆಲಸದ ಹೊರೆಯೇ, ಅವಧಿಯೇ, ಮೇಲಧಿಕಾರಿಯ ವರ್ತನೆಯೇ, ನಿತ್ಯದ ದೂರಪ್ರಯಾಣವೇ? ಬರೆದಿಟ್ಟರೆ ಮೇಲಧಿಕಾರಿಯೊಡನೆ ಯಾವುದನ್ನು ಪ್ರಸ್ತಾಪಿಸಬೇಕೆಂಬುದು ಸ್ಪಷ್ಟವಾಗುತ್ತದೆ. ಹೊರೆಯೇ ಅತಿಯಾಗಿದ್ದಲ್ಲಿ ಅದನ್ನು ಇಳಿಸದೆ ಪ್ರಾಣಾಯಾಮವೊಂದರಿಂದಲೇ ಪರಿಹಾರ ದೊರೆಯದು. ನಿಯತವಾದ ನಿದ್ರೆ, ನಡಿಗೆ, ರಾತ್ರಿಯ ಊಟದ ವೇಳೆ ಫೋನನ್ನು ದೂರವಿಡುವುದು ಸಹಾಯಕವಾಗುತ್ತವೆ.

ಇಷ್ಟರಿಂದಲೂ ಶಮನವಾಗದಿದ್ದರೆ ವೈದ್ಯರನ್ನು ಕಾಣಲು ಸಂಕೋಚಪಡಬಾರದು. ಜೀವವೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ತಡಮಾಡದೆ, ಅವರನ್ನು ಒಂಟಿಯಾಗಿ ಬಿಡದೆ ನೆರವು ಪಡೆಯಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಲಭ್ಯವಿದೆ. ಈ ಸಂಖ್ಯೆಯನ್ನು ಮನೆಯ ಪಂಚಾಂಗದ ಮೇಲೆ ಇಂದೇ ಬರೆದಿಡಿರಿ.