ತಪ್ಪು ಮಾಡೋಕೂ ಒಂದು ಜಾಗ ಬೇಕು

ಕೆಂಗೇರಿ, ವಿಜಯನಗರದಿಂದ ಮೆಟ್ರೋ ಹತ್ತಿ ಬರುವ ನಮಗೆ ಫ್ಲೈಟ್ ಸಿಮ್ಯುಲೇಟರ್ ಅಂದ್ರೆ ಲ್ಯಾಪ್‌ಟಾಪ್ ಗೇಮ್ ಅಷ್ಟೆ. ಆದರೆ ಪೈಲಟ್‌ಗಳಿಗೆ ಅದು ಯಾಕೆ ಬೇಕು ಅನ್ನೋದು ನಮ್ಮ ಬೆಂಗಳೂರಿನದೇ ಒಂದು ಅಪಘಾತ ನೋಡಿದರೆ ಗೊತ್ತಾಗುತ್ತೆ.

1990ರ ಫೆಬ್ರವರಿ 14. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320, ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು.

ಎಂಜಿನ್ ಕೆಟ್ಟಿರಲಿಲ್ಲ. ವಿಮಾನ 'ಓಪನ್ ಡಿಸೆಂಟ್' ಮೋಡ್‌ನಲ್ಲಿತ್ತು. ಈ ಮೋಡ್‌ನಲ್ಲಿ ಎಂಜಿನ್ ಐಡಲ್‌ನಲ್ಲೇ ಇರುತ್ತೆ, ವೇಗ ಕಾಪಾಡೋಕೆ ಥ್ರಸ್ಟ್ ಏರಿಸಲ್ಲ. ವೇಗ ಬಿದ್ದದ್ದು ಪೈಲಟ್‌ಗಳ ಗಮನಕ್ಕೆ ಬಂದಾಗ ತಡವಾಗಿತ್ತು. ಜೆಟ್ ಎಂಜಿನ್ ಬೈಕ್ ಥರ ಅಲ್ಲ. ಐಡಲ್‌ನಿಂದ ಪೂರ್ಣ ಶಕ್ತಿಗೆ ಬರಲು ಹಲವು ಸೆಕೆಂಡು ಬೇಕು. ಅಷ್ಟು ಎತ್ತರ ಉಳಿದಿರಲಿಲ್ಲ.

ಈ ಪರಿಸ್ಥಿತಿಯನ್ನು ಪ್ರಯಾಣಿಕರಿರುವ ವಿಮಾನದಲ್ಲಿ ಅಭ್ಯಾಸ ಮಾಡೋಕಾಗುತ್ತಾ? ಸಿಮ್ಯುಲೇಟರ್‌ನಲ್ಲಿ ಆಗುತ್ತೆ. ಆರು ಕಾಲುಗಳ ಮೇಲೆ ನಿಂತ ಕಾಕ್‌ಪಿಟ್ ಹಿಂದಕ್ಕೆ ವಾಲಿದರೆ ಬೆನ್ನು ಸೀಟಿಗೆ ಒತ್ತಿ, ವೇಗ ಹೆಚ್ಚಿದಂತೆ ಅನಿಸುತ್ತೆ. ಬೋಧಕರು ಮಧ್ಯದಲ್ಲೇ ನಿಲ್ಲಿಸಿ, 'ಈಗ ಯಾವ ಮೋಡ್? ವೇಗ ಎಷ್ಟು?' ಎಂದು ಕೇಳಬಹುದು. ತಪ್ಪಾದರೆ ಮತ್ತೆ ಅದೇ ಎತ್ತರದಿಂದ ಶುರು.

ಹಾಗಂತ ಸಿಮ್ಯುಲೇಟರ್ ಎಲ್ಲವನ್ನೂ ಕಲಿಸಲ್ಲ. ಅದರ ಮಾಡೆಲ್‌ನಲ್ಲಿ ಇಲ್ಲದ ತೊಂದರೆ ಅಲ್ಲಿ ಎದುರಾಗೋದೇ ಇಲ್ಲ. ಆ ಮಾಡೆಲ್ ಬರೆಯೋರು ನಾಳೆ ನಾವೇ ಆಗಬಹುದು. ಆದ್ದರಿಂದ ಲ್ಯಾಬ್‌ನಲ್ಲಿ ಗ್ರಾಫ್ ಸರಿ ಬರದಿದ್ದಾಗ ರೀಡಿಂಗ್ ತಿದ್ದದೆ, ಯಾಕೆ ಬರಲಿಲ್ಲ ಅಂತ ಹುಡುಕೋಣ.